ಮಾಟುಂಗಾ: ಗಾಳಿ ಬೆಳಕಿನ ಲೆಕ್ಕದಲ್ಲಿ ಹುಟ್ಟಿದ ಬಡಾವಣೆ

ಮುಂಬಯಿಯ ದಾದರ್‌ನಲ್ಲಿ ಮಧ್ಯ ರೈಲ್ವೆಯ ಸ್ಲೋ ಲೋಕಲ್ ಹತ್ತಿದರೆ ಮುಂದಿನ ನಿಲ್ದಾಣವೇ ಮಾಟುಂಗಾ. ಕೂರಲು ಜಾಗ ಹುಡುಕುವಷ್ಟರಲ್ಲಿ ಇಳಿಯುವ ಹೊತ್ತಾಗಿರುತ್ತದೆ. 2017ರಲ್ಲಿ ಈ ನಿಲ್ದಾಣದ ಪೂರ್ತಿ ಹೊಣೆಯನ್ನು ಮಹಿಳಾ ಸಿಬ್ಬಂದಿಗೇ ಒಪ್ಪಿಸಲಾಯಿತು. ದೇಶದಲ್ಲಿ ಹಾಗೆ ಮಾಡಿದ ಮೊದಲ ನಿಲ್ದಾಣ ಇದು. ಪೂರ್ವದ ಕಡೆ ಹೊರಬಂದರೆ ಬಾಳೆಲೆಯ ಕಟ್ಟು, ಮಾರು ಮಾರು ಮಲ್ಲಿಗೆ, ನುಗ್ಗೆಕಾಯಿ, ಕರಿಬೇವು. ಹೂವಿನವನು ತಮಿಳಿನಲ್ಲಿ ಬೆಲೆ ಹೇಳುತ್ತಾನೆ, ಕೊಳ್ಳುವವರು ಗುಜರಾತಿಯಲ್ಲಿ ಚೌಕಾಸಿ ಮಾಡುತ್ತಾರೆ, ಲೆಕ್ಕ ಮುಗಿಯುವುದು ಹಿಂದಿಯಲ್ಲಿ.

ಮುಂಬಯಿಗೆ ಬಂದ ನಮ್ಮವರಲ್ಲಿ ಹೆಚ್ಚಿನವರು ಮಾಟುಂಗಾಕ್ಕೆ ಬರುವುದು ಊಟಕ್ಕಾಗಿ. ನಾನು ಈ ಸಲ ಹೋದದ್ದು ಇಲ್ಲಿನ ಮನೆಗಳನ್ನು ನೋಡಲು. ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿಗಳ ಬೆಳವಣಿಗೆಯ ಹಿಂದೆ 1898ರ ಪ್ಲೇಗ್ ಇದೆಯೆಂದು ಓದಿದಾಗಿನಿಂದ, ಅದೇ ಮಾರಿಯ ದೆಸೆಯಿಂದ ಮುಂಬಯಿಯಲ್ಲಿ ಹುಟ್ಟಿದ ಬಡಾವಣೆಯನ್ನು ಕಾಲ್ನಡಿಗೆಯಲ್ಲೇ ನೋಡಬೇಕೆಂಬ ಆಸೆಯಿತ್ತು.

1896ರಲ್ಲಿ ಬಂದರಿನ ಪಕ್ಕದ ಮಾಂಡ್ವಿಯಲ್ಲಿ ಪ್ಲೇಗ್ ಕಾಣಿಸಿಕೊಂಡಿತು. ಅದನ್ನು ಮೊದಲು ಗುರುತಿಸಿದವರು ಡಾ. ಅಕಾಸಿಯೊ ವೀಗಸ್. ಧಾನ್ಯದ ಗೋದಾಮುಗಳು, ಅವುಗಳಿಗೆ ಅಂಟಿಕೊಂಡ ಕತ್ತಲೆಯ ಕೋಣೆಗಳು, ಒಂದೊಂದು ಕೋಣೆಯಲ್ಲಿ ಒಂದಕ್ಕಿಂತ ಹೆಚ್ಚು ಸಂಸಾರ. ಜನ ಊರು ಬಿಟ್ಟು ಓಡಿದರು, ಗಿರಣಿಗಳು ನಿಂತವು, ಬಂದರಿನ ವ್ಯಾಪಾರವೇ ಅಲುಗಾಡಿತು. ಆಮೇಲೆ ಸರ್ಕಾರಕ್ಕೆ ಎಚ್ಚರವಾಯಿತು. 1898ರಲ್ಲಿ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್ ಸ್ಥಾಪನೆಯಾಯಿತು. ಊರೊಳಗಿನ ಇಕ್ಕಟ್ಟಾದ ಕೇರಿಗಳನ್ನು ಕೆಡವಿ ಅಗಲವಾದ ರಸ್ತೆ ಹಾಯಿಸುವುದು ಅದರ ಒಂದು ಕೆಲಸ. ದ್ವೀಪದ ಉತ್ತರಕ್ಕೆ, ದಾದರ್, ಮಾಟುಂಗಾ, ಸಯನ್ ಕಡೆಯ ಗದ್ದೆ ತೋಟಗಳನ್ನು ವಶಕ್ಕೆ ಪಡೆದು ಹೊಸ ಬಡಾವಣೆ ಹಾಕುವುದು ಇನ್ನೊಂದು. ಮೊದಲನೆಯ ಕೆಲಸದಲ್ಲಿ ಬಡವರು ಮನೆ ಕಳೆದುಕೊಂಡರು, ಎರಡನೆಯದರಲ್ಲಿ ಮನೆ ಸಿಕ್ಕಿದ್ದು ಬಹುಪಾಲು ಮಧ್ಯಮ ವರ್ಗಕ್ಕೆ. ಮಾಟುಂಗಾದ ಚೆಲುವನ್ನು ಹೊಗಳುವಾಗ ಇದನ್ನು ಮರೆಯಬಾರದು.

ಟ್ರಸ್ಟ್‌ನ ಅಧ್ಯಕ್ಷರಾಗಿದ್ದ ಜೆ.ಪಿ. ಓರ್ ಎಂಬ ಅಧಿಕಾರಿ ಬೆಳಕಿನ ಬಗ್ಗೆ ಒಂದು ನಿಯಮವನ್ನು ಪಟ್ಟುಹಿಡಿದು ಪ್ರತಿಪಾದಿಸಿದರು. ವಾಸದ ಕೋಣೆಯ ಎದುರು ಎಷ್ಟು ಬಯಲಿರಬೇಕು ಎಂಬುದನ್ನು 63½ ಡಿಗ್ರಿಯ ಕೋನದಿಂದ ಅಳೆಯುವ ನಿಯಮ ಅದು. ಸರಳವಾಗಿ ಹೇಳುವುದಾದರೆ, ಎದುರಿನ ಕಟ್ಟಡ ನಲವತ್ತು ಅಡಿ ಎತ್ತರವಿದ್ದರೆ ನಡುವೆ ಇಪ್ಪತ್ತು ಅಡಿಯಾದರೂ ತೆರೆದ ಜಾಗ ಬೇಕು. ಆಗ ಮಾತ್ರ ಕೆಳಗಿನ ಕೋಣೆಗೂ ಆಕಾಶ ಕಾಣುತ್ತದೆ. ಈ ಲೆಕ್ಕ ತಲೆಯಲ್ಲಿದ್ದರೆ ಮಾಟುಂಗಾದ ಬೀದಿಗಳು ಬೇರೆಯೇ ಆಗಿ ಕಾಣತೊಡಗುತ್ತವೆ. ಎರಡು ಕಟ್ಟಡಗಳ ನಡುವಿನ ಸಂದಿಯಲ್ಲಿ ಒಂದು ತೆಂಗು, ಒಂದು ಪಪ್ಪಾಯಿ ಗಿಡ, ಒಣಗಲು ಹಾಕಿದ ಬಟ್ಟೆ, ಅದರಾಚೆಗೆ ಹಿಂಬದಿಯ ರಸ್ತೆಯ ಬಿಸಿಲು. ಇದನ್ನು ಯಾರೂ ಉದಾರವಾಗಿ ಬಿಟ್ಟುಕೊಟ್ಟದ್ದಲ್ಲ. ಸಾವಿರಾರು ಸಾವುಗಳನ್ನು ಕಂಡ ಮೇಲೆ ಕಾಗದದ ಮೇಲೆ ಅಳೆದು ಇಟ್ಟದ್ದು.

ನಕ್ಷೆ ಬೇಗ ಸಿದ್ಧವಾದರೂ ಮನೆಗಳು ಏಳಲು ದಶಕಗಳೇ ಹಿಡಿದವು. ತಗ್ಗು ನೆಲ ತುಂಬಿಸಿ, ರಸ್ತೆ, ಚರಂಡಿ ಮಾಡಿ, ನಿವೇಶನಗಳನ್ನು ದೀರ್ಘಾವಧಿಯ ಗುತ್ತಿಗೆಗೆ ಕೊಟ್ಟು, ಕಟ್ಟಡಗಳು ತುಂಬಿಕೊಂಡದ್ದು 1920ರಿಂದ 1940ರ ನಡುವೆ. ಅಷ್ಟರಲ್ಲಿ ಸಿಮೆಂಟ್ ಕಾಂಕ್ರೀಟಿನ ಕಾಲ ಬಂದಿತ್ತು. ಕಿಂಗ್ಸ್ ಸರ್ಕಲ್‌ನಲ್ಲಿ, ಈಗ ಮಹೇಶ್ವರಿ ಉದ್ಯಾನ ಎನ್ನುವ ವೃತ್ತದ ಸುತ್ತ ನಿಂತು ನೋಡಿ: ದುಂಡಗೆ ತಿರುಗುವ ಬಾಲ್ಕನಿಗಳು, ಕಿಟಕಿಯ ಮೇಲೆ ಉದ್ದಕ್ಕೆ ಓಡುವ ಸಜ್ಜಾಗಳು, ಉದಯಿಸುವ ಸೂರ್ಯನ ಕಿರಣದಂತೆ ಬಿಡಿಸಿದ ಕಬ್ಬಿಣದ ಜಾಲರಿಗಳು. ಮೆರೀನ್ ಡ್ರೈವ್‌ನಲ್ಲಿ ಜನ ಫೋಟೊ ತೆಗೆದುಕೊಳ್ಳುವ ಆರ್ಟ್ ಡೆಕೊ ಶೈಲಿಯೇ ಇಲ್ಲಿ ಗುಮಾಸ್ತರ ಮನೆಗೆ ಬಂದಿದೆ. ಮೇಲೆ ಸಂಸಾರ, ಕೆಳಗೆ ಅಂಗಡಿ.

ಒಳಗಿನ ಬದಲಾವಣೆ ಇನ್ನೂ ದೊಡ್ಡದು. ಚಾಳು ಎನ್ನುವ ಮುಂಬಯಿಯ ಹಳೆಯ ವಠಾರದಲ್ಲಿ ಉದ್ದನೆಯ ಪಡಸಾಲೆ, ಸಾಲಾಗಿ ಕೋಣೆಗಳು, ತುದಿಯಲ್ಲಿ ಎಲ್ಲರಿಗೂ ಸೇರಿ ನಲ್ಲಿ, ಕಕ್ಕಸು. ಮಾಟುಂಗಾದ ಫ್ಲ್ಯಾಟಿನಲ್ಲಿ ಅಡುಗೆಮನೆ, ಬಚ್ಚಲು, ಶೌಚಾಲಯ ಎಲ್ಲವೂ ಒಂದೇ ಬಾಗಿಲ ಹಿಂದೆ. ಇಂದು ನಮಗೆ ಇದರಲ್ಲಿ ವಿಶೇಷ ಕಾಣುವುದಿಲ್ಲ. ಆದರೆ ಮಡಿ ಮೈಲಿಗೆ ನೋಡುವ ಮನೆಗಳವರಿಗೆ, ದೇವರ ಗೂಡಿರುವ ಸೂರಿನಡಿಯಲ್ಲೇ ಕಕ್ಕಸು ಎಂದರೆ ಸುಲಭದ ಮಾತಾಗಿರಲಿಲ್ಲ.

ಹೀಗೆ ಬಂದು ನೆಲೆಸಿದವರಲ್ಲಿ ದಕ್ಷಿಣದವರೇ ಬಹಳ. ರೈಲ್ವೆ, ಬ್ಯಾಂಕು, ಇಂಗ್ಲಿಷ್ ಕಂಪನಿಗಳ ಕಚೇರಿಗಳಲ್ಲಿ ಟೈಪಿಂಗ್, ಶೀಘ್ರಲಿಪಿ ಬಲ್ಲವರಿಗೆ ಕೆಲಸವಿತ್ತು. ಅವರ ಹಿಂದೆ ದೇವಸ್ಥಾನ ಬಂತು, 1932ರಲ್ಲಿ ಸೌತ್ ಇಂಡಿಯನ್ ಎಜುಕೇಶನ್ ಸೊಸೈಟಿ ಬಂತು, ಹತ್ತಿರದಲ್ಲೇ ಷಣ್ಮುಖಾನಂದ ಸಭಾಂಗಣ ಎದ್ದಿತು. ಒಂಟಿ ಗಂಡಸರ ಹೊಟ್ಟೆಯನ್ನು ಕರಾವಳಿಯವರು ನೋಡಿಕೊಂಡರು. ನಿಲ್ದಾಣದ ಪಕ್ಕದ ಮಾರುಕಟ್ಟೆ ಕಟ್ಟಡದ ಮೊದಲ ಮಹಡಿಯಲ್ಲಿ ಎ. ರಾಮ ನಾಯಕ್ 1942ರಲ್ಲಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನಲ್ಲಿ ಇಂದಿಗೂ ಬಾಳೆಲೆಯ ಊಟವಿದೆ. ಕೆಫೆ ಮದ್ರಾಸ್ ಎಂಬ ಹೆಸರಿನ ಹೋಟೆಲನ್ನು 1940ರಿಂದ ನಡೆಸುತ್ತಿರುವವರೂ ಕರಾವಳಿ ಮೂಲದ ಕಾಮತರೇ. ನಾನು ಅಲ್ಲಿ ರಾಗಿ ದೋಸೆ ತಿಂದೆ, ಕಾಫಿ ಕುಡಿದೆ. ಅದರ ರುಚಿಯನ್ನು ವರ್ಣಿಸಿದವರು ಬೇಕಾದಷ್ಟಿದ್ದಾರೆ.

ತೆಂಕಣಕ್ಕೆ ನಡೆದರೆ ಫೈವ್ ಗಾರ್ಡನ್ಸ್, ಅದಕ್ಕೆ ಹೊಂದಿಕೊಂಡು ದಾದರ್ ಪಾರ್ಸಿ ಕಾಲೊನಿ. ಜಗತ್ತಿನಲ್ಲಿ ಪಾರ್ಸಿಗಳು ಅತಿ ಹೆಚ್ಚಾಗಿ ಒಂದೆಡೆ ವಾಸಿಸುವ ಜಾಗವೆಂದು ಇದು ಹೆಸರಾಗಿದೆ. ಟ್ರಸ್ಟ್‌ನಲ್ಲಿ ಎಂಜಿನಿಯರ್ ಆಗಿದ್ದ ಮಂಚೆರ್ಜಿ ಎದುಲ್ಜಿ ಜೋಶಿ ತಮ್ಮ ಸಮುದಾಯದ ಸಾಧಾರಣ ವರಮಾನದವರಿಗೆಂದು 103 ನಿವೇಶನಗಳನ್ನು ಕೇಳಿ ಪಡೆದರು. ಬಾಗ್ ಎನ್ನುವ ಮುಂಬಯಿಯ ಇತರ ಪಾರ್ಸಿ ವಸತಿಗಳಿಗೆ ಗೋಡೆ, ಗೇಟು ಇವೆ, ಇಲ್ಲಿ ಇಲ್ಲ. ಯಾರು ಬೇಕಾದರೂ ನಡೆದು ಹೋಗಬಹುದು. ಜೋಶಿಯವರು ರಸ್ತೆಗೊಂದು ಜಾತಿಯ ಮರ ಆರಿಸಿ ನೆಡಿಸಿದರು: ಫಿರ್ದೌಸಿ ರಸ್ತೆಗೆ ಮಹಾಗನಿ, ಜಾಮ್-ಎ-ಜಮ್‌ಶೆಡ್ ರಸ್ತೆಗೆ ಅಶೋಕ. ಮಧ್ಯಾಹ್ನದ ಬಿಸಿಲಲ್ಲಿ ಆ ಮಹಾಗನಿಗಳ ಕೆಳಗೆ ನಡೆದಾಗ, ಅವರ ಪ್ರತಿಮೆಯ ಮುಂದೆ ನಿಂತು ಕೈಮುಗಿಯಬೇಕೆನ್ನಿಸಿತು, ಮುಗಿದೆ. ಮಂತ್ರಿಗಳು, ಸೇನಾನಿಗಳ ಪ್ರತಿಮೆಗಳಿಗೆ ನಮ್ಮ ಊರುಗಳಲ್ಲಿ ಕೊರತೆಯಿಲ್ಲ. ಬಡಾವಣೆಯೊಂದನ್ನು ಬಾಳುವಂತೆ ಹಾಕಿಕೊಟ್ಟ ಎಂಜಿನಿಯರಿಗೆ ಅಲ್ಲಿನ ನಿವಾಸಿಗಳು ಸಲ್ಲಿಸಿದ ಗೌರವ ನೋಡಿ ಹೃದಯ ತುಂಬಿತು.

ಸಂಜೆ ಭಾವುದಾಜಿ ರಸ್ತೆಯಲ್ಲಿರುವ ಮೈಸೂರು ಅಸೋಸಿಯೇಷನ್‌ಗೆ ಹೋದೆ. 1926ರಿಂದ ಇರುವ ಸಂಸ್ಥೆ. ಮುಂಬಯಿ ಕನ್ನಡಿಗರ ನಾಟಕ, ಸಂಗೀತ, ಉಪನ್ಯಾಸಗಳಿಗೆ ಹಳೆಯ ಆಸರೆ. ಅಲ್ಲಿ ಪರಿಚಯವಾದ ಹಿರಿಯರೊಬ್ಬರು, ಎಲ್ಲರೂ ರಾಯರು ಎಂದೇ ಕರೆಯುವವರು, ಪಕ್ಕದ ಬೀದಿಯಲ್ಲಿದ್ದ ತಮ್ಮ ಮನೆಗೆ ಕರೆದೊಯ್ದರು. ಮೂರನೆಯ ಮಹಡಿ, ಲಿಫ್ಟ್ ಇಲ್ಲ. ಮೆಟ್ಟಿಲ ತಿರುವಿನಲ್ಲಿ ನಿಂತು ಉಸಿರು ಎಳೆದುಕೊಂಡು, "ನೀವು ಬೀದಿಯಿಂದ ನೋಡಿ ಚೆಂದ ಎನ್ನುತ್ತೀರಿ. ಮಳೆಗಾಲದಲ್ಲಿ ಬನ್ನಿ, ಎಷ್ಟು ಬಕೆಟ್ ಇಟ್ಟಿರುತ್ತೇವೆಂದು ತೋರಿಸುತ್ತೇನೆ" ಎಂದರು.

ಅವರ ಮಾತಿನಲ್ಲಿ ಹುರುಳಿತ್ತು. 1947ರ ಬಾಡಿಗೆ ಕಾಯ್ದೆ ಬಾಡಿಗೆಗಳನ್ನು 1940ರ ಮಟ್ಟದಲ್ಲಿ ಹಿಡಿದಿಟ್ಟಿತು. ಪಗಡಿ ಎಂಬ ದೊಡ್ಡ ಮೊತ್ತವನ್ನು ಮೊದಲೇ ಕೊಟ್ಟು ಬಂದ ಬಾಡಿಗೆದಾರ ಮನೆ ಬಿಡುವುದಿಲ್ಲ, ಪುಡಿಗಾಸು ಬಾಡಿಗೆ ಪಡೆಯುವ ಮಾಲೀಕ ರಿಪೇರಿ ಮಾಡಿಸುವುದಿಲ್ಲ. ಸಂಸಾರ ದೊಡ್ಡದಾದವರು ಚೆಂಬೂರು, ಮುಲುಂಡ್, ಡೊಂಬಿವಿಲಿಗಳಿಗೆ ಹೋದರು. ಅವರ ಜಾಗಕ್ಕೆ ಕಚ್ಛಿ, ಗುಜರಾತಿ ಕುಟುಂಬಗಳು ಬಂದವು. ಈಗ ಬೀದಿಗೊಂದರಂತೆ ಹಳೆಯ ಕಟ್ಟಡ ಕೆಡವಿ ಗೋಪುರ ಏಳುತ್ತಿದೆ. ಕೆಳಗಿನ ಮಹಡಿಗಳೆಲ್ಲ ಕಾರುಗಳಿಗೆ, ಮನೆಗಳು ಶುರುವಾಗುವುದು ಮರಗಳ ನೆತ್ತಿಯ ಮೇಲೆ.

ರಾಯರಿಗೆ ಲಿಫ್ಟ್ ಬೇಕು, ಸೋರದ ಸೂರು ಬೇಕು. ಬೇಡವೆನ್ನಲು ನನಗೆ ಅಧಿಕಾರವಿಲ್ಲ. ಆದರೆ ಹೊಸ ಕಟ್ಟಡ ಎಷ್ಟು ಎತ್ತರ ಹೋದರೂ ನಡುವಿನ ಬಯಲು ಹಳೆಯಷ್ಟೇ ಉಳಿದರೆ, ಅಥವಾ ಇನ್ನೂ ಕಿರಿದಾದರೆ, ಕೆಳಗಿನವರ ಪಾಲಿಗೆ ಮತ್ತೆ ಮಾಂಡ್ವಿಯ ಕತ್ತಲೆಯೇ ಎಂಬುದು ನನ್ನ ಖಚಿತ ಅಭಿಪ್ರಾಯ. ಇದನ್ನು ಹೇಳಿದಾಗ ಅವರು ಒಳಗಿನಿಂದ ಬಿಲ್ಡರ್ ಕೊಟ್ಟಿದ್ದ ನಕ್ಷೆ ತಂದು ಊಟದ ಮೇಜಿನ ಮೇಲೆ ಹರಡಿದರು. ವ್ಯಾಯಾಮಶಾಲೆ ಇತ್ತು, ಪಾರ್ಕಿಂಗ್ ಇತ್ತು, ಪ್ರತಿ ಕೋಣೆಯ ಉದ್ದಗಲವಿತ್ತು. ಪಕ್ಕದ ಕಟ್ಟಡಕ್ಕೆ ಎಷ್ಟು ಅಡಿ ಅಂತರ ಎಂಬುದನ್ನು ಇಬ್ಬರೂ ಕನ್ನಡಕ ಒರೆಸಿಕೊಂಡು ಹುಡುಕಿದೆವು, ಸಿಗಲಿಲ್ಲ. ರಾಯರು ಪೆನ್ನು ತೆಗೆದು ನಕ್ಷೆಯ ಅಂಚಿನಲ್ಲಿ ಆ ಪ್ರಶ್ನೆಯನ್ನು ಕನ್ನಡದಲ್ಲೇ ಬರೆದುಕೊಂಡರು. ಮುಂದಿನ ಭಾನುವಾರ ನಿವಾಸಿಗಳ ಸಭೆಯಿದೆ, ಅಲ್ಲಿ ಮೊದಲು ಕೇಳುವುದು ಇದನ್ನೇ ಎಂದರು.