ದಿನಕ್ಕೊಂದು ಓಮೆರ್

ದೇವರ ಮೇಲೆ ಭರವಸೆ ಇಡಿ ಎಂದು ಭಾನುವಾರದ ಆರಾಧನೆಯಲ್ಲಿ ಕೇಳುತ್ತೇವೆ. ಸೋಮವಾರ ಬೆಳಿಗ್ಗೆ ಅದನ್ನು ಇಡುವುದು ಹೇಗೆ? ಬೈಬಲಿನ ವಿಮೋಚನಕಾಂಡ 16ನೇ ಅಧ್ಯಾಯದಲ್ಲಿ ಅದಕ್ಕೆ ಅಳತೆಯೇ ಇದೆ. ಮರುಭೂಮಿಯಲ್ಲಿ ಇಸ್ರಾಯೇಲ್ಯರಿಗೆ ಮನ್ನ, ಅಂದರೆ ದೇವರು ಆಕಾಶದಿಂದ ಕೊಟ್ಟ ಆಹಾರ, ಸಿಕ್ಕಿದ್ದು ದಿನಕ್ಕೆ ತಲೆಗೆ ಒಂದು ಓಮೆರ್, ಸುಮಾರು ಎರಡು ಲೀಟರ್ ಹಿಡಿಯುವಷ್ಟು. ಬೆಳಿಗ್ಗೆಯೇ ಕೂಡಿಸಿಕೊಳ್ಳಬೇಕು, ಬಿಸಿಲೇರಿದರೆ ಕರಗಿಹೋಗುತ್ತಿತ್ತು. ನಾಳೆಗಿರಲಿ ಎಂದು ಎತ್ತಿಟ್ಟವರದ್ದು ಹುಳ ಬಿದ್ದು ನಾರಿತು. ಮರುದಿನ ಸಬ್ಬತ್ತಿನ ವಿಶ್ರಾಂತಿಯಾದ್ದರಿಂದ ಆರನೆಯ ದಿನ ಮಾತ್ರ ಎರಡು ಓಮೆರ್, ಅದು ಕೆಡಲಿಲ್ಲ. 40 ವರ್ಷ ಹೀಗೇ ನಡೆಯಿತು. ಯೇಸು ಕಲಿಸಿದ ಪ್ರಾರ್ಥನೆಯಲ್ಲೂ ಆಹಾರ ಕೇಳುವುದು ‘ಈಹೊತ್ತಿಗೆ’.

ಹಾಗಾಗಿ ಚಿಂತೆಯನ್ನೂ ದಿನದ ಅಳತೆಗೆ ಒಡೆದುಕೊಳ್ಳಬೇಕು. ಬೆಳಿಗ್ಗೆ ಮೊಬೈಲ್ ಮುಟ್ಟುವ ಮೊದಲು ಹದಿನೈದು ನಿಮಿಷ ಸಾಕು. ಒಂದು ನೋಟ್‌ಬುಕ್ಕಿನ ಪುಟದ ಮಧ್ಯೆ ಗೆರೆ ಎಳೆಯಿರಿ. ಮಗಳ ಶಾಲೆ ಫೀಸು 24,000, ಜೂನ್ 10ರೊಳಗೆ ಕಟ್ಟಬೇಕು ಎಂದುಕೊಳ್ಳಿ. ಎಡಗಡೆ ಈಹೊತ್ತು ನಿಮ್ಮ ಕೈಯಲ್ಲಿ ಆಗುವ ಒಂದೇ ಕೆಲಸ: ‘ಆಫೀಸಿಗೆ ಹೋಗಿ ಎರಡು ಕಂತು ಆಗುತ್ತಾ ಕೇಳುವುದು.’ ಬಲಗಡೆ ನಿಮ್ಮ ಕೈ ಮೀರಿದ್ದು: ಅವರು ಒಪ್ಪುತ್ತಾರೋ ಇಲ್ಲವೋ, ಬರಬೇಕಾದ ದುಡ್ಡು ಬರುತ್ತದೋ ಇಲ್ಲವೋ. ಬಲಗಡೆಯ ಸಾಲುಗಳನ್ನು ಒಂದೊಂದಾಗಿ ಬಾಯಿಬಿಟ್ಟು ಓದಿ ದೇವರಿಗೆ ಒಪ್ಪಿಸಿ. ‘ಎಲ್ಲಾ ಕಷ್ಟ ನೀಗಿಸಪ್ಪಾ’ ಎಂದು ಒಟ್ಟಾರೆ ಹೇಳಿದರೆ ಚಿಂತೆ ಇದ್ದಲ್ಲೇ ಇರುತ್ತದೆ, ಯಾವುದನ್ನು ಒಪ್ಪಿಸಿದೆವು ಎಂಬುದೇ ನಮಗೆ ಗೊತ್ತಿರುವುದಿಲ್ಲ. ಎಡಗಡೆಯ ಕೆಲಸ ಮಾಡದೆ ‘ದೇವರು ನೋಡ್ಕೊಳ್ತಾನೆ’ ಎನ್ನುವುದಕ್ಕೆ ಭರವಸೆ ಎಂದು ಹೆಸರಿಡಬೇಡಿ.

ಮಧ್ಯಾಹ್ನದ ಹೊತ್ತಿಗೆ ಅದೇ ಚಿಂತೆ ಮತ್ತೆ ಬರುತ್ತದೆ. ಬಂದೇ ಬರುತ್ತದೆ. ನನ್ನ ವಿಶ್ವಾಸ ಸುಳ್ಳು ಎಂದು ಕುಗ್ಗಬೇಡಿ, ಅದೇ ಸಾಲನ್ನು ಮತ್ತೆ ಒಪ್ಪಿಸಿ. ಚಿಂತೆ ಮಾಡದೆ ಬೇಡಿಕೆಗಳನ್ನು ದೇವರಿಗೆ ತಿಳಿಸಿ ಎನ್ನುವ ಫಿಲಿಪ್ಪಿ 4:6ರಲ್ಲಿ ಕೃತಜ್ಞತೆಯೂ ಸೇರಿದೆ, ಪೌಲನು ಆ ಪತ್ರ ಬರೆದದ್ದು ಸೆರೆಯಲ್ಲಿದ್ದು. ಮುಂದಿನ ವಚನದಲ್ಲಿ ಸಿಗುತ್ತದೆ ಎಂದು ಹೇಳಿರುವುದು ಸಮಾಧಾನ. ಕೇಳಿದ್ದೆಲ್ಲ ಸಿಗುತ್ತದೆಂದು ಅಲ್ಲಿಲ್ಲ.

ಪ್ರಾರ್ಥಿಸಲು ಮಾತೇ ಹೊರಡದ ದಿನಕ್ಕೆ 13ನೇ ಕೀರ್ತನೆ ಇದೆ. ಆರೇ ವಚನ. ಮೊದಲೆರಡರಲ್ಲಿ ದಾವೀದನು ‘ಇನ್ನೆಷ್ಟು ಕಾಲ’ ಎಂದು ನಾಲ್ಕು ಸಲ ಕೇಳುತ್ತಾನೆ. ನಡುವಿನ ಎರಡರಲ್ಲಿ ತನಗೇನು ಬೇಕೆಂದು ಬೇಡುತ್ತಾನೆ. ಕೊನೆಯ ಎರಡರಲ್ಲಿ ಭರವಸೆ. ನಾವು ದೂರನ್ನು ನುಂಗಿಕೊಂಡು ನೇರ ಐದನೇ ವಚನಕ್ಕೆ ಹಾರುತ್ತೇವೆ, ಅದಕ್ಕೇ ನಮ್ಮ ಸ್ತೋತ್ರ ಬಾಯಿಂದ ಕೆಳಗಿಳಿಯುವುದಿಲ್ಲ. ದೂರಿ. ಆತನಿಗೇ ದೂರಿ.

ವರ್ಷಾಂತ್ಯದ ರಾತ್ರಿ ಆರಾಧನೆಯಲ್ಲಿ ಹೊಸ ವರ್ಷಕ್ಕೆಂದು ತೆಗೆದ ವಾಗ್ದಾನದ ಕಾರ್ಡಿನ, ಅಂದರೆ ಒಂದು ಬೈಬಲ್ ವಚನ ಬರೆದ ಚೀಟಿಯ, ಬಗ್ಗೆ ಒಂದು ಮಾತು. ಯೆರೆಮೀಯ 29:11 ಬಂದರೆ ಎಲ್ಲರಿಗೂ ಸಂತೋಷ: ದೇವರ ಆಲೋಚನೆ ಹಿತದ್ದು, ಅಹಿತದ್ದಲ್ಲ. ಅದರ ಹಿಂದಿನ ವಚನವನ್ನೂ ಓದಿ. ಸೆರೆಯಾಗಿ ಹೋದ ಬಾಬಿಲೋನಿನಲ್ಲಿ 70 ವರ್ಷ ತುಂಬಿದ ಮೇಲೆ ಎಂದಿದೆ. ಐದನೇ ವಚನದಲ್ಲಿ ಅಲ್ಲಿಯೇ ಮನೆ ಕಟ್ಟಿ, ತೋಟ ಮಾಡಿ ಎಂದು ಹೇಳಿದೆ. ಕಾರ್ಡಿನ ಒಂದೇ ಸಾಲು ನಂಬಿ ಮಾರ್ಚ್ ತಿಂಗಳಿಗೇ ಕೆಲಸ ಸಿಗಬೇಕೆಂದು ಕಾದವರು ಏಪ್ರಿಲ್‌ನಲ್ಲಿ ಒಡೆದುಹೋಗುತ್ತಾರೆ. ಕಾರ್ಡ್ ಸಿಕ್ಕ ವಾರ ಇಡೀ ಅಧ್ಯಾಯ ಓದಿಬಿಡಿ.

ವಿಶ್ವಾಸದ ಹೆಸರಲ್ಲಿ ಮಾತ್ರೆ ನಿಲ್ಲಿಸುವುದು ಇದಕ್ಕಿಂತ ಅಪಾಯ. ಕಾಯಿಲೆ ಬಿದ್ದ ಯೆಹೂದದ ಅರಸ ಹಿಜ್ಕೀಯನಿಗೆ ವಾಸಿಯಾಗುತ್ತದೆ, ಇನ್ನೂ 15 ವರ್ಷ ಆಯುಷ್ಯ ಎಂದು ದೇವರ ಮಾತು ಬಂದಾಗಿತ್ತು. ಆದರೂ ಪ್ರವಾದಿ ಯೆಶಾಯನು ಅಂಜೂರದ ಉಂಡೆ ತರಿಸಿ ಹುಣ್ಣಿಗೆ ಕಟ್ಟಿಸಿದ. ಬಿಪಿ, ಶುಗರ್, ಖಿನ್ನತೆಯ ಔಷಧಿಗೂ ಅದೇ ಲೆಕ್ಕ.

ರಾತ್ರಿ ಮಲಗುವ ಮುನ್ನ ಆ ಪುಟಕ್ಕೆ ಒಂದು ಸಾಲು ಸೇರಿಸಿ: ಈಹೊತ್ತಿಗೆ ಏನು ಸಾಕಾಯಿತು? ನೀವು ಕೇಳಿದ್ದಕ್ಕೆ ಉತ್ತರ ‘ಇಲ್ಲ’ ಎಂದೇ ಬಂದಿದ್ದರೆ ಹಾಗೆಯೇ ಬರೆಯಿರಿ, ಸುಣ್ಣ ಬಳಿಯಬೇಡಿ. ತುಂಬಿದ ನೋಟ್‌ಬುಕ್ ಎಸೆಯಬೇಡಿ. ಒಂದು ರಾತ್ರಿ ಇಟ್ಟರೆ ಹುಳ ಬೀಳುತ್ತಿದ್ದ ಅದೇ ಮನ್ನವನ್ನು, ಮುಂದಿನ ಸಂತತಿಯವರು ನೋಡಲಿ ಎಂದು, ಒಂದು ಓಮೆರ್‌ನಷ್ಟು ಪಾತ್ರೆಯಲ್ಲಿ ತುಂಬಿ ಇಡಿಸಿದವನೂ ದೇವರೇ.