ಸ್ವಾಪ್‌ಗೆ ಗೇರ್‌ಬಾಕ್ಸ್ ಹುಡುಕೋ ಮುಂಚೆ ಡಿಫ್ ರೇಶಿಯೋ ನೋಡ್ಕೊಳ್ಳಿ

ಇಂಜಿನ್ ಸ್ವಾಪ್, ಅಂದ್ರೆ ಗಾಡಿಯ ಇಂಜಿನ್ ತೆಗೆದು ಬೇರೆ ಇಂಜಿನ್ ಕೂರ್ಸೋ ಕೆಲ್ಸ ಅಂತ ಬಂದ್ರೆ ಎಲ್ರೂ ಮೊದ್ಲು ಇಂಜಿನ್ ಫಿಕ್ಸ್ ಮಾಡ್ತಾರೆ, ಗೇರ್‌ಬಾಕ್ಸ್ ವಿಷ್ಯ ಬಂದಾಗ ಕೇಳೋದು ಒಂದೇ ಪ್ರಶ್ನೆ, ಎಷ್ಟು ಟಾರ್ಕ್ ತಡ್ಕೊಳತ್ತೆ ಅಂತ. ಅದೂ ಬೇಕು, ಇಲ್ಲ ಅಂತಿಲ್ಲ. ಆದ್ರೆ ಗಾಡಿ ರೋಡಿಗಿಳಿದ್ಮೇಲೆ ಓಡ್ಸೋಕೆ ಮಜಾ ಇರತ್ತಾ ಇಲ್ವಾ ಅನ್ನೋದು ನಿಂತಿರೋದು ರೇಶಿಯೋ ಮೇಲೆ, ಅದೂ ಹಿಂದಿನ ಡಿಫ್ (ಡಿಫರೆನ್ಷಿಯಲ್, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚೋ ಗೇರ್ ಡಬ್ಬಿ) ಜೊತೆ ಗುಣಿಸಿ ನೋಡಿದ ರೇಶಿಯೋ ಮೇಲೆ. ಒಟ್ಟು ರೇಶಿಯೋ ಅಂದ್ರೆ ಚಕ್ರ ಒಂದು ಸುತ್ತು ತಿರುಗೋಕೆ ಇಂಜಿನ್ ಎಷ್ಟು ಸುತ್ತು ತಿರುಗ್ಬೇಕು ಅನ್ನೋ ಲೆಕ್ಕ.

ಟೊಯೋಟಾದ 1ಜೆಝಡ್ ಟರ್ಬೋನೇ ತಗೊಳ್ಳಿ, ಸುಮಾರು 370 ನ್ಯೂಟನ್ ಮೀಟರ್ ಟಾರ್ಕ್. ಅದ್ರ ಹಿಂದೆ ಕಂಪನಿಯವ್ರೇ ಕೊಟ್ಟಿದ್ದು ಆರ್154 ಅನ್ನೋ ಗೇರ್‌ಬಾಕ್ಸ್, ಐದು ಗೇರು, ಫಸ್ಟ್ 3.251, ಟಾಪ್ 0.753. ನಿಮ್ಮ ಡಿಫ್ 4.1 ಅಂದ್ಕೊಳ್ಳಿ, ಫಸ್ಟಲ್ಲಿ ಒಟ್ಟು 13.3 ಆಗತ್ತೆ, 205/55 ಆರ್16 ಟೈರ್ ಇದ್ರೆ ಟಾಪ್ ಗೇರಲ್ಲಿ ಗಂಟೆಗೆ 100 ಕಿ.ಮೀ.ಗೆ 2600 ಆರ್‌ಪಿಎಂ ಹತ್ರ. ಆರಾಮ. ಈಗ ಅದೇ ಗಾಡಿಗೆ ನಿಸ್ಸಾನ್ 350ಝಡ್ ಕಾರಿನ ಸಿಡಿ009 ಗೇರ್‌ಬಾಕ್ಸ್ ಕೂರ್ಸಿ ನೋಡಿ, ಫಸ್ಟ್ 3.794, ಅಂದ್ರೆ ಒಟ್ಟು ಹದಿನೈದೂವರೆ ದಾಟತ್ತೆ, ಗಾಡಿ ಹೊರಡೋದೇ ತಡ ಸೆಕೆಂಡ್ ಕೇಳತ್ತೆ. ಇನ್ನೊಂದು ವಿಷ್ಯ ಅಂದ್ರೆ ಇದ್ರ ಸಿಕ್ಸ್ತ್ 0.794, ಆರು ಗೇರ್ ಇದ್ರೂ ಹೈವೇಲಿ ಐದು ಗೇರಿನ ಆರ್154ಗಿಂತ ಜಾಸ್ತಿ ತಿರುಗತ್ತೆ, 2700 ದಾಟತ್ತೆ! ಡಿಫ್ 3.5 ಮಾಡ್ಸಿದ್ರೆ ಅದೇ ಸಿಡಿ009 ಬಂಗಾರ, ಫಸ್ಟ್ ವಾಪಸ್ 13.3ಕ್ಕೆ ಬರತ್ತೆ, ಹೈವೇಲಿ 2300 ಚಿಲ್ಲರೆ. ಅದಕ್ಕೇ ಹೇಳೋದು, ಗೇರ್‌ಬಾಕ್ಸ್ ಒಂದನ್ನೇ ನೋಡಿ ಒಳ್ಳೇದು ಕೆಟ್ಟದ್ದು ಅನ್ನೋಕಾಗಲ್ಲ. ಎಲ್‌ಎಸ್1 ವಿ8 ಹಿಂದೆ ಬರೋ ಟಿ56 ಗೇರ್‌ಬಾಕ್ಸ್‌ಗೆ ಸಿಕ್ಸ್ತ್ 0.50, ಆ ಇಂಜಿನ್‌ಗೆ ಸರಿ, ಕೆಳಗೆ ಟಾರ್ಕ್ ಇಲ್ದಿರೋ ಸಣ್ಣ ಇಂಜಿನ್‌ಗೆ ಹಾಕಿದ್ರೆ ಆ ಗೇರ್ ಇದ್ದೂ ಇಲ್ದಂಗೆ.

ರೇಶಿಯೋ ಒಪ್ಪಿಗೆ ಆಯ್ತು ಅಂದ್ರೆ ಮುಂದೆ ಬೆಲ್‌ಹೌಸಿಂಗ್, ಅಂದ್ರೆ ಗೇರ್‌ಬಾಕ್ಸನ್ನ ಇಂಜಿನ್‌ಗೆ ಜೋಡ್ಸೋ, ಕ್ಲಚ್ ಒಳಗಿರೋ ಗಂಟೆ ಆಕಾರದ ಕವಚ. ಆರ್154ದು ಬೋಲ್ಟ್ ಬಿಚ್ಚಿದ್ರೆ ಬೇರೆ ಬರತ್ತೆ, ಸಿಡಿ009ದು ಗೇರ್‌ಬಾಕ್ಸ್ ಬಾಡಿ ಜೊತೆನೇ ಒಂದೇ ಎರಕ, ಬೇರೆ ಇಂಜಿನ್‌ಗೆ ಅಂದ್ರೆ ಮುಂಭಾಗ ಕತ್ತರಿಸ್ಬೇಕು ಇಲ್ಲಾ ಅಡಾಪ್ಟರ್ ಪ್ಲೇಟ್ ಹಾಕ್ಬೇಕು. ಪ್ಲೇಟ್ ದಪ್ಪ ಆದಷ್ಟೂ ಗೇರ್‌ಬಾಕ್ಸ್ ಹಿಂದೆ ಹೋಗತ್ತೆ, ಇನ್‌ಪುಟ್ ಶಾಫ್ಟ್ (ಇಂಜಿನ್ ಕಡೆಯಿಂದ ಗೇರ್‌ಬಾಕ್ಸ್ ಒಳಗೆ ತಿರುಗೋ ಶಾಫ್ಟ್) ತುದಿ ಕ್ರ್ಯಾಂಕ್ ತುದಿಯಲ್ಲಿರೋ ಪೈಲಟ್ ಬೇರಿಂಗ್ ಒಳಗೆ ಸರಿಯಾಗಿ ಕೂರತ್ತಾ ಅಂತ ಜೋಡ್ಸೋಕೆ ಮುಂಚೆನೇ ಅಳೆದುಬಿಡಿ. ಕಂಪನಿಯವ್ರು ಆ ಇಂಜಿನ್ ಹಿಂದೆ ಹಾಕಿದ್ದ ಗೇರ್‌ಬಾಕ್ಸೇ ಸಿಕ್ಕಿದ್ರೆ ನಾನಂತೂ ಅದಕ್ಕೇ ಕೈ ಹಾಕೋದು, ಫ್ಲೈವೀಲು, ಕ್ಲಚ್ ಪ್ಲೇಟು, ರಿಲೀಸ್ ಬೇರಿಂಗು ಎಲ್ಲಾ ಹೊಂದ್ಕೊಂಡೇ ಬರತ್ತೆ.

ಅಡಾಪ್ಟರ್ ಹಾಕಿದ್ರೆ ಈ ಒಂದು ಕೆಲ್ಸ ದಯವಿಟ್ಟು ಬಿಡ್ಬೇಡಿ. ಕ್ಲಚ್ ಹಾಕೋ ಮುಂಚೆ ಬೆಲ್‌ಹೌಸಿಂಗ್ ಮಾತ್ರ ಬಿಗಿದು, ಡಯಲ್ ಗೇಜ್‌ನ (ಸಣ್ಣ ವ್ಯತ್ಯಾಸ ಅಳೆಯೋ ಮುಳ್ಳಿನ ಮೀಟರ್) ಮ್ಯಾಗ್ನೆಟ್ ಸ್ಟ್ಯಾಂಡ್ ಫ್ಲೈವೀಲ್ ಮೇಲೆ ಕೂರ್ಸಿ, ಅದ್ರ ಮುಳ್ಳು ಗೇರ್‌ಬಾಕ್ಸ್ ಕೂರೋ ದೊಡ್ಡ ತೂತಿನ ಒಳಗೋಡೆಗೆ ತಾಗೋ ಹಾಗಿಟ್ಟು, ಕ್ರ್ಯಾಂಕನ್ನ ಕೈಯಲ್ಲೇ ನಿಧಾನಕ್ಕೆ ಒಂದು ಸುತ್ತು ತಿರುಗ್ಸಿ. ಒಟ್ಟು ವ್ಯತ್ಯಾಸ 0.005 ಇಂಚು, ಅಂದ್ರೆ 0.13 ಮಿಲಿಮೀಟರ್ ಒಳಗಿರ್ಬೇಕು. ಜಾಸ್ತಿ ಇದ್ರೆ ಆಫ್‌ಸೆಟ್ ಡೋವೆಲ್ ಪಿನ್ (ಬೆಲ್‌ಹೌಸಿಂಗನ್ನ ಸ್ವಲ್ಪ ಪಕ್ಕಕ್ಕೆ ಸರಿಸೋ ಪಿನ್) ಹಾಕಿ ಸರಿ ಮಾಡ್ಕೊಳ್ಳಿ. ಹಾಗೇ ಬಿಟ್ರೆ ಗೇರ್ ಗಟ್ಟಿ ಆಗತ್ತೆ, ತಾನಾಗೇ ಕಳಚ್ಕೊಳತ್ತೆ, ಇನ್‌ಪುಟ್ ಬೇರಿಂಗ್ ಕೂಗೋಕೆ ಶುರು ಮಾಡತ್ತೆ, ಜನ ಗೇರ್‌ಬಾಕ್ಸೇ ಸರಿ ಇಲ್ಲ ಅಂತ ಬೈತಾರೆ. ಪಾಪ ಅದ್ರ ತಪ್ಪೇನಿಲ್ಲ.

ಸೆಕೆಂಡ್ ಹ್ಯಾಂಡ್ ತಗೊಳೋದಾದ್ರೆ ಆಯಿಲ್ ಇಳ್ಸಿ ನೋಡಿ. ಡ್ರೈನ್ ಪ್ಲಗ್ ಮ್ಯಾಗ್ನೆಟ್‌ಗೆ ಬೂದು ಬಣ್ಣದ ನುಣ್ಣನೆ ಪೇಸ್ಟ್ ಅಂಟಿದ್ರೆ ಪರವಾಗಿಲ್ಲ. ಆಯಿಲಲ್ಲಿ ಹಿತ್ತಾಳೆ ಪುಡಿ ಮಿಂಚ್ತಿದ್ರೆ ಸಿಂಕ್ರೋ ರಿಂಗ್ (ಗೇರ್ ಸಲೀಸಾಗಿ ಬೀಳೋ ಹಾಗೆ ವೇಗ ಹೊಂದಿಸೋ ಬಳೆ) ಸವೀತಿದೆ, ಸ್ಟೀಲ್ ಚೂರು ಸಿಕ್ರೆ ಹಲ್ಲು ಹೋಗಿದೆ, ಬಿಟ್ಟು ಬನ್ನಿ.

ದುಡ್ಡು ಕೊಡೋ ಮುಂಚೆ ಇಂಜಿನ್‌ಗೆ ತಾಗೋ ಮುಖದಿಂದ ಗೇರ್ ಲಿವರ್ ಮಧ್ಯದವರೆಗೂ ಟೇಪ್ ಹಿಡಿರಿ, ಗಾಡಿ ಟನಲ್‌ನಲ್ಲಿ (ಗೇರ್‌ಬಾಕ್ಸ್ ಮೇಲೆ ಫ್ಲೋರ್ ಉಬ್ಬಿರೋ ಭಾಗ) ಲಿವರ್‌ಗೆ ಬಿಟ್ಟಿರೋ ತೂತಿಗೆ ಹೊಂದತ್ತಾ ಅಂತ. ಸ್ವಲ್ಪ ಹಿಂದೆ ಮುಂದೆ ಆದ್ರೆ ಲಿವರ್ ಬಗ್ಗಿಸ್ಬೋದು, ಒಂದು ಗೇಣು ಆಚೀಚೆ ಆದ್ರೆ ಟನಲ್ಲೇ ಕತ್ತರಿಸ್ಬೇಕು, ಗೇರ್‌ಬಾಕ್ಸನ್ನ ಹೊರೋ ಕ್ರಾಸ್‌ಮೆಂಬರ್ ಮತ್ತೆ ಡಿಫ್‌ವರೆಗೂ ಹೋಗೋ ಪ್ರೊಪೆಲ್ಲರ್ ಶಾಫ್ಟ್ ಅಂತೂ ಹೆಂಗಿದ್ರೂ ಹೊಸದಾಗಿ ಮಾಡ್ಸೋದೇ.