ಹಾಲ್‌ನಲ್ಲೊಂದು ಹಳ್ಳ

ಅಕ್ವೇರಿಯಂ ಅಂಗಡಿಗೆ ಹೋಗಿ ‘ರಿವರ್ ಸ್ಟೈಲ್’ ತೊಟ್ಟಿ ಬೇಕು ಎಂದರೆ ಉರುಟು ಕಲ್ಲು, ಒಂದು ಕೊರಡು, ನಾಲ್ಕು ಹಸಿರು ಗಿಡ ಇಟ್ಟಿದ್ದನ್ನು ತೋರಿಸುತ್ತಾರೆ. ನೋಡಲು ಚೆನ್ನಾಗಿರುತ್ತದೆ, ಆದರೆ ನೀರು ನಿಂತಿರುತ್ತದೆ. ನನ್ನ ಪಾಲಿಗೆ ಅದು ಕೆರೆ. ಹೊಳೆಯಲ್ಲಿ ಹರಿವು ಮೊದಲು. ಕಲ್ಲು, ಮರಳು, ಗಿಡ, ಮೀನು ಎಲ್ಲವೂ ಅದು ಬಿಟ್ಟುಕೊಟ್ಟ ಜಾಗದಲ್ಲಿ ಇರಬೇಕು. ಕೊಪ್ಪದ ಕಡೆ ನಮ್ಮ ಅಡಿಕೆ ತೋಟದ ಕೆಳಗೆ ಹರಿಯುವ ಹಳ್ಳದಲ್ಲಿ ಕಾಲು ಬಿಟ್ಟುಕೊಂಡು ಬೆಳೆದವಳು ನಾನು. ಬೆಂಗಳೂರಿನ ಮನೆಯಲ್ಲಿ ತೊಟ್ಟಿ ಕಟ್ಟುವುದಾದರೆ ಅದರಲ್ಲಿ ನೀರು ಓಡಲೇಬೇಕಿತ್ತು.

ತೊಟ್ಟಿ ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರ. ತುಂಬಿದರೆ ಸುಮಾರು 250 ಲೀಟರ್. ಮರಳು, ಕಲ್ಲು ಸೇರಿದರೆ 300 ಕೆ.ಜಿ. ದಾಟುವ ಭಾರ. ಹಾಗಾಗಿ ಗೋಡೆಗೆ ಒತ್ತಿ ಕಬ್ಬಿಣದ ಸ್ಟ್ಯಾಂಡ್ ಹಾಕಿಸಿದೆ.

ಹರಿವು ಒಂದೇ ದಿಕ್ಕಿಗೆ ಇರುವಂತೆ ಮಾಡಲು ಒಂದು ಸರಳ ಉಪಾಯವಿದೆ. ತಳದಲ್ಲಿ ಉದ್ದಕ್ಕೆ ಪಿವಿಸಿ ಪೈಪ್ ಕೂರಿಸುವುದು. ಬಲತುದಿಯಲ್ಲಿ ಪೈಪಿನ ಬಾಯಿಗೆ ಸ್ಪಾಂಜು, ಎಡತುದಿಯಲ್ಲಿ ಪಂಪು. ಪಂಪು ನೀರನ್ನು ಎಡದಿಂದ ಬಲಕ್ಕೆ ತಳ್ಳುತ್ತದೆ. ಬಲತುದಿ ಮುಟ್ಟಿದ ನೀರು ಸ್ಪಾಂಜಿನೊಳಗೆ ಹೊಕ್ಕು, ಮರಳಿನಡಿಯ ಪೈಪಿನಲ್ಲಿ ವಾಪಸು ಬಂದು ಮತ್ತೆ ಪಂಪು ಸೇರುತ್ತದೆ. ಮೇಲಿನಿಂದ ನೋಡುವವರಿಗೆ ನೀರು ಬರುತ್ತಲೇ ಇದೆ, ಹೋಗುತ್ತಲೇ ಇದೆ. ಸ್ಪಾಂಜು ಫಿಲ್ಟರಿನ ಕೆಲಸವನ್ನೂ ಮಾಡುವುದರಿಂದ ಬೇರೆ ಪೆಟ್ಟಿಗೆ ಬೇಕಿಲ್ಲ.

ಕಲ್ಲಿನ ಕೆಲಸವನ್ನು ಅಪ್ಪಯ್ಯನಿಗೇ ಬಿಟ್ಟೆ. ತೋಟದ ಬಸಿಗಾಲುವೆಯ ಕಲ್ಲುಗಳನ್ನು ಅವರೇ ಆರಿಸಿ ಗೋಣಿಯಲ್ಲಿ ತುಂಬಿಸಿ ತಂದಿದ್ದರು. ಒಂದೊಂದರ ಮೇಲೂ ನಾಲ್ಕು ಹನಿ ವಿನೆಗರ್ ಬಿಟ್ಟು ನೋಡಿದೆ. ನೊರೆ ಎದ್ದರೆ ಅದರಲ್ಲಿ ಸುಣ್ಣವಿದೆ ಎಂದರ್ಥ, ನೀರು ಗಡಸಾಗುತ್ತದೆ. ಯಾವುದೂ ನೊರೆಯೇಳಲಿಲ್ಲ. ಅಪ್ಪಯ್ಯ ಪಂಚೆ ಎತ್ತಿ ಕಟ್ಟಿ, ಸ್ಟೂಲ್ ಹತ್ತಿ, ಖಾಲಿ ತೊಟ್ಟಿಯೊಳಗೆ ಭುಜದವರೆಗೂ ಕೈ ಇಳಿಸಿದರು.

“ನೀರು ಯಾವ ಕಡೆಯಿಂದ ಬರ್ತದೆ, ಅದನ್ನ ಹೇಳು ಮೊದಲು.”

“ಎಡಗಡೆಯಿಂದ ಅಪ್ಪಯ್ಯ.”

“ಹಾಗಾದ್ರೆ ನೀರು ಬರೋ ಕಡೆ ತಗ್ಗು, ಹೋಗೋ ಕಡೆ ಎತ್ತರ. ಹಂಗೆ ಒರಗಿದ ಕಲ್ಲನ್ನ ಆಟಿ ತಿಂಗಳ ನೀರೂ ಎಬ್ಸೋದಿಲ್ಲ ಮಾರಾಯ್ತಿ.”

ಚಪ್ಪಟೆ ಕಲ್ಲುಗಳನ್ನು ಮಾಡಿಗೆ ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ತುಸುವೇ ಏರಿಸಿ ಒರಗಿಸುತ್ತ ಹೋದರು. ಹರಿವು ಕಲ್ಲಿನ ಇಳಿಜಾರು ಮುಖವನ್ನು ಕೆಳಕ್ಕೆ ಒತ್ತುವುದರಿಂದ ಅದು ಇನ್ನಷ್ಟು ಗಟ್ಟಿಯಾಗಿ ಕೂರುತ್ತದೆ. ಬೇಸಿಗೆಯಲ್ಲಿ ಬರಿದಾದ ಯಾವುದೇ ಹಳ್ಳದ ಪಾತ್ರದಲ್ಲಿ ನಿಂತು ನೋಡಿ, ಕಲ್ಲುಗಳು ಮಲಗಿದ ರೀತಿಯಿಂದಲೇ ಮಳೆಗಾಲದ ನೀರು ಎತ್ತ ಹೋಯಿತೆಂದು ಹೇಳಬಹುದು. ಭೂವಿಜ್ಞಾನಿಗಳು ಹಳೆಯ ನದಿಗಳ ದಿಕ್ಕು ಕಂಡುಹಿಡಿಯುವುದೂ ಇದೇ ಗುರುತಿನಿಂದ.

ಆಮೇಲೆ ಮರಳು, ನೀರು. ನಲ್ಲಿಯಲ್ಲಿ ಬರುವುದು ಕಾವೇರಿ ನೀರಾದ್ದರಿಂದ ಕ್ಲೋರಿನ್ ತೆಗೆಯಲು ಸೋಡಿಯಂ ಥಯೋಸಲ್ಫೇಟ್ ದ್ರಾವಣ ಹಾಕಿದೆ. ಪಂಪು ಶುರುವಾದ ಕೂಡಲೇ ತೊಟ್ಟಿಯೆಲ್ಲ ರಾಡಿಯಾಯಿತು. ಮಾರನೆಯ ದಿನ ತಿಳಿಯಾದಾಗ ನೋಡಿದರೆ, ನಾವು ಸಮತಟ್ಟಾಗಿ ಹರಡಿದ್ದ ಮರಳು ಸಮತಟ್ಟಾಗಿರಲಿಲ್ಲ. ದೊಡ್ಡ ಕಲ್ಲುಗಳ ಮುಂದೆ ಮರಳು ಕೊರೆದು ಗುಂಡಿಯಾಗಿತ್ತು, ಬೆನ್ನಿಗೆ ಬಾಲದಂತೆ ನಯವಾದ ದಿಬ್ಬ ನಿಂತಿತ್ತು. ಗಿಡ ಎಲ್ಲಿ ನೆಡಬೇಕೆಂದು ತೋರಿಸಿಕೊಟ್ಟಿದ್ದು ಆ ದಿಬ್ಬಗಳೇ. ಹರಿವಿನ ಹೊಡೆತ ಅಲ್ಲಿ ಕಡಿಮೆ, ಕಸಕಡ್ಡಿ ಕೊಳೆತು ಗೊಬ್ಬರವಾಗುವುದೂ ಅಲ್ಲೇ.

ನೆಟ್ಟಿದ್ದು ಮುಖ್ಯವಾಗಿ ಕ್ರಿಪ್ಟೊಕೊರಿನ್ ರೆಟ್ರೊಸ್ಪೈರಾಲಿಸ್. ಪಶ್ಚಿಮ ಘಟ್ಟದ ಹೊಳೆಗಳದ್ದೇ ಗಿಡ. ರಿಬ್ಬನ್ನಿನಂಥ ಉದ್ದನೆಯ ಎಲೆ, ನೀರು ಹರಿದತ್ತ ಒಲೆಯುತ್ತದೆ. ನರ್ಸರಿಯಿಂದ ಬಂದ ಎಲೆಗಳು ಕೆಲವೇ ದಿನಗಳಲ್ಲಿ ಕರಗಿ ಲೋಳೆಯಾದವು. ಈ ಗಿಡ ಜಾಗ ಬದಲಾದರೆ ಮಾಡುವುದೇ ಹಾಗೆ. ಕಿತ್ತು ಎಸೆಯಬಾರದು, ಬುಡದಿಂದ ಹೊಸ ನೀರಿಗೆ ಒಗ್ಗಿದ ಎಲೆ ಬರುತ್ತದೆ. ಕೊರಡಿಗೆ ಜಾವಾ ಫರ್ನನ್ನು ದಾರದಿಂದ ಕಟ್ಟಿದೆ. ಅದರ ಗೆಡ್ಡೆಯನ್ನು ಮರಳಲ್ಲಿ ಹೂತರೆ ಕೊಳೆಯುತ್ತದೆ. ದೀಪ ದಿನಕ್ಕೆ 7 ತಾಸು ಮಾತ್ರ. ಅದಕ್ಕಿಂತ ಹೆಚ್ಚಾದರೆ ಪಾಚಿಗೆ ಹಬ್ಬ.

ಮೀನು ಬಿಡುವ ಮೊದಲು ಸಾಮಾನ್ಯವಾಗಿ 4ರಿಂದ 6 ವಾರ ಕಾಯಬೇಕು. ಮೀನಿನ ಹೇಲು-ಉಚ್ಚೆಯಿಂದ ಆಗುವ ಅಮೋನಿಯಾವನ್ನು ನೈಟ್ರೈಟ್ ಮಾಡಲು ಒಂದು ಬಗೆಯ ಬ್ಯಾಕ್ಟೀರಿಯಾ, ನೈಟ್ರೈಟನ್ನು ಅಷ್ಟೇನೂ ವಿಷವಲ್ಲದ ನೈಟ್ರೇಟ್ ಮಾಡಲು ಇನ್ನೊಂದು. ಇವೆರಡೂ ಸ್ಪಾಂಜಿನಲ್ಲಿ, ಕಲ್ಲಿನ ಮೈಮೇಲೆ ನೆಲೆಯೂರಬೇಕು. ಟೆಸ್ಟ್ ಕಿಟ್ಟಿನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸುವ ತನಕ ಯಾರು ಎಷ್ಟು ಕೇಳಿದರೂ ಮೀನು ತರಬೇಡಿ.

ಕೊನೆಗೆ ತಂದಿದ್ದು ಜೈಂಟ್ ಡೇನಿಯೊ ಮತ್ತು ಫಿಲಮೆಂಟ್ ಬಾರ್ಬ್, ಎರಡೂ ಫಾರ್ಮಿನಲ್ಲಿ ಮರಿ ಮಾಡಿಸಿದವು. ಡೇನಿಯೊಗಳು ನೇರ ಪಂಪಿನ ರಭಸಕ್ಕೇ ಹೋಗಿ ಮೂತಿ ಎದುರು ಮಾಡಿ ನಿಂತವು. ಬಾರ್ಬ್‌ಗಳು ಅಪ್ಪಯ್ಯನ ಕಲ್ಲುಗಳ ಹಿಂದೆ ಜಾಗ ಹಿಡಿದು, ತಿನ್ನಲು ಏನಾದರೂ ತೇಲಿ ಬಂದಾಗ ಮಾತ್ರ ಹೊರಗೆ ಹಾರಿ ಹಿಡಿದು ವಾಪಸಾಗುತ್ತಿದ್ದವು. ಅಂಗಡಿಯ ನಿಂತ ನೀರಲ್ಲಿದ್ದಾಗ ಇದೇ ಮೀನುಗಳು ಗೊತ್ತುಗುರಿಯಿಲ್ಲದೆ ಸುತ್ತುತ್ತಿದ್ದವು. ಹರಿವು ಸಿಕ್ಕಿದ್ದೇ ಪ್ರತಿಯೊಂದಕ್ಕೂ ಒಂದು ಠಾವು ಸಿಕ್ಕಿತು. ಇಷ್ಟಕ್ಕಾಗಿಯೇ ಇಷ್ಟೆಲ್ಲ ಮಾಡಿದ್ದು ಎನಿಸಿತು.

ಮೈಮೇಲೆ ಕೆಂಪು ಗೆರೆಯಿರುವ ‘ಮಿಸ್ ಕೇರಳ’ ಮೀನು ತರಲಿಲ್ಲವೇಕೆ ಎಂದು ಹಲವರು ಕೇಳಿದರು. ಕೇರಳ ಮತ್ತು ದಕ್ಷಿಣ ಕರ್ನಾಟಕದ ಕೆಲವೇ ಹೊಳೆಗಳಲ್ಲಿರುವ ಅದು ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಐಯುಸಿಎನ್‌ನ ಅಳಿವಿನಂಚಿನ ಪಟ್ಟಿಯಲ್ಲಿದೆ. ಅಲಂಕಾರಕ್ಕೆಂದು ಹಿಡಿದು ಹಿಡಿದೇ ಅದಕ್ಕೆ ಕುತ್ತು ಬಂದಿದೆ.

ಅಪ್ಪಯ್ಯನಿಗೆ ಮಾತ್ರ ಒಂದು ಅಸಮಾಧಾನ ಉಳಿದಿದೆ. “ನಮ್ಮ ಹಳ್ಳದ್ದೇ ನಾಲ್ಕು ಮೀನು ಹಿಡಿದು ತಂದ್ರೆ ಆಗ್ತಿತ್ತಪ್ಪ” ಎನ್ನುತ್ತಾರೆ ಫೋನಿನಲ್ಲಿ. ಏಪ್ರಿಲ್ ಹೊತ್ತಿಗೆ ಆ ಹಳ್ಳ ತುಂಡು ತುಂಡು ಗುಂಡಿಯಾಗುತ್ತದೆ. ಆ ಗುಂಡಿಗಳಲ್ಲಿ ಜೀವ ಹಿಡಿದುಕೊಂಡ ಮೀನುಗಳೇ ಜೂನಿನ ನೀರಿಗೆ ಮೊಟ್ಟೆಯಿಡಬೇಕು. ಅದನ್ನು ಹೇಳಿದರೆ ಒಪ್ಪುತ್ತಾರೆ, ಮುಂದಿನ ಸಲ ಮತ್ತೆ ಕೇಳುತ್ತಾರೆ. ನಾನೂ ಮತ್ತೆ ಬೇಡ ಎನ್ನುತ್ತೇನೆ.